ತಗ್ಗಿನ ಗದ್ದೆಯ ಬೆಲ್ಲ

ಅಚ್ಚಿನಲ್ಲಿ ನಿಲ್ಲಲಿಲ್ಲ ಬೆಲ್ಲ.
ಬೆಳಗ್ಗೆ ಮಣೆ ಕವುಚಿ ನೋಡಿದರೆ ಬೆವರುತ್ತಿತ್ತು,
ಜ್ವರ ಬಿಡುವಾಗಿನ ಮಗುವಿನ ಹಣೆಯ ಹಾಗೆ.
ಪಾಕ ನೋಡುವ ಜೋಗಯ್ಯ ಉಗುರಿನಷ್ಟು ಮುರಿದು
ನಾಲಿಗೆಗಿಟ್ಟು, ಕಣ್ಣು ಮುಚ್ಚಿ,
'ತಗ್ಗಿನ ಗದ್ದೇದು ಕಣವ್ವ' ಅಂದ.
'ಏಳನೇ ತೂಬಿನ ಕೆಳಗಿಂದು.'
ನಾನು ಹೇಳಿರಲಿಲ್ಲ.

ಅಲ್ಲಿ ಮೂರು ಕಣ್ಣಿನ ತುಂಡು ಊರಿದರೆ
ಬಿಡುವುದು ಒಂದೇ ಕಣ್ಣು. ಅದೂ ಅರೆ.
ಏಳು ತಿಂಗಳಾದರೂ ಎದೆಮಟ್ಟ ಮುಟ್ಟದು;
ಗೆಣ್ಣಿಗೂ ಗೆಣ್ಣಿಗೂ ನಡುವೆ ಮೂರು ಬೆರಳು,
ಗರಿಯ ತುದಿಗೆ ಯಾರೋ ಬೀಡಿ ತಾಗಿಸಿದ ಕರಕು.
ನೀರಿನಲ್ಲೇ ನಿಂತು
ನೀರು ಕುಡಿಯಲಾಗದ ಬೇರು.

ಮಾಗಿ ಕಳೆದು ಬಿಸಿಲು ಬಲಿತರೆ
ದಿಂಡಿನ ಮೇಲೆ ಬಿಳಿ ಏಳುತ್ತದೆ.
ಹಗ್ಗ ಬಿಚ್ಚಿದ ಕರು ಹುಲ್ಲು ಬಿಟ್ಟು
ನೆಲ ನೆಕ್ಕುತ್ತದೆ.
ನಾನು ಮದುವೆಯಾಗಿ ಬಂದ ಹೊಸತರಲ್ಲಿ
ಮಡಿವಾಳರ ಸಣ್ಣಕ್ಕ ಮಂಕರಿ ತಂದು
ಅದನ್ನೇ ಗುಡಿಸಿ ಹೊತ್ತು ಹೋಗುತ್ತಿದ್ದಳು.
ನಮ್ಮ ಗದ್ದೆಗೆ ಕಲೆಯಾದದ್ದು
ಊರ ಬಟ್ಟೆಯ ಕಲೆ ತೆಗೆಯುತ್ತಿತ್ತು.
'ತಗೊಂಡೋಗು, ಒಂದು ಮಂಕರಿ ಕಮ್ಮಿಯಾಗ್ಲಿ'
ಅನ್ನುತ್ತಿದ್ದರು ಅತ್ತೆ.
ಈಗ ಎಲ್ಲರ ಮನೆಗೂ ಸೋಪಿನ ಪುಡಿ ಬಂದಿದೆ.
ಚೌಳು ನಮಗೇ ಉಳಿಯಿತು.

ಉಪ್ಪನ್ನು ಯಾರೂ ಬಿತ್ತಲಿಲ್ಲ.
ನಾಲೆ ಬಂದ ವರ್ಷ ಮಾವನ ಅಪ್ಪ
ತೂಬಿಗೆ ಕಾಯಿ ಒಡೆದರಂತೆ,
ಹಗಲೂ ರಾತ್ರಿ ಹಾಯಿಸಿದರಂತೆ.
ಬರುವ ನೀರಿಗೆ ದಾರಿ ಕಡಿದವರು
ಹೋಗುವ ನೀರಿಗೆ ಕಡಿಯಲಿಲ್ಲ.
ಅದು ನೆಲದೊಳಗೇ ಕೂತು ಕೂತು
ಕಡೆಗೆ ಬಿಸಿಲಿನ ಹಿಂದೆ ಎದ್ದು ಹೋಯಿತು,
ತನ್ನ ಗಂಟು ಇಲ್ಲೇ ಬಿಟ್ಟು.

ಮಣ್ಣು ಪರೀಕ್ಷೆಯ ಹುಡುಗಿ ಚೀಟಿ ಬರೆದಳು:
ಎಕರೆಗೆ ಜಿಪ್ಸಂ ಇಷ್ಟು. ಡಯಾಂಚ ಬಿತ್ತಿ, ಹೂವಿಗೆ ಮುಂಚೆ ಮಗುಚಿ.
ಎಲ್ಲಕ್ಕೂ ಮೊದಲು ಬಸಿಗಾಲುವೆ.
ಜಿಪ್ಸಂ ಅಂಗಡಿಯಲ್ಲಿ ಸಿಗುತ್ತದೆ.
ಬಸಿಗಾಲುವೆ ಹೋಗಬೇಕಾದದ್ದು
ಪಟೇಲರ ನಂಜೇಗೌಡರ ಬದುವಿನಲ್ಲಿ.
ಮಾತು ಬಿಟ್ಟು ಒಂಬತ್ತು ವರ್ಷ,
ಒಂದು ಸಿಲ್ವರ್ ಮರಕ್ಕೆ.

ಬೆವರುವ ಅಚ್ಚೊಂದನ್ನು ಮುತ್ತುಗದ ಎಲೆಯಲ್ಲಿ ಸುತ್ತಿ
ಅವರ ಜಗಲಿಯ ಮೇಲಿಟ್ಟೆ. ಏನೂ ಹೇಳಲಿಲ್ಲ.
ಅವರೂ ಉಗುರಿನಷ್ಟು ಮುರಿದರು,
ಬಹಳ ಹೊತ್ತು ಚಪ್ಪರಿಸಿದರು.
ಆಮೇಲೆ ಒಳಕ್ಕೆ ತಿರುಗಿ,
'ಏ ದೇವೀರಿ, ನಮ್ಮ ಬೆಲ್ಲ ತತ್ತಾ.'

ತಂದಳು. ಅದೂ ಬೆವರುತ್ತಿತ್ತು.

ಎರಡನ್ನೂ ಒಂದೇ ಎಲೆಯ ಮೇಲಿಟ್ಟು
ನನ್ನ ಮುಖ ನೋಡದೆ ಕೇಳಿದರು:
'ನಿಮ್ಮಲ್ಲಿ ಗುದ್ದಲಿ ಎಷ್ಟವೆ?'