ನೆಗ್ಗು

ನೂಲ್ವಿ ದಾರಿಯ ಭಟ್ಟಿಗೆ ನಾನು ಅಬಕಾರಿ ಕಾರಕೂನ.
ಸರಕಾರದ ಕೀಲಿ ಒಂದು, ಮಾಲಕರದು ಒಂದು,
ಎರಡೂ ತಿರುವಿದರಷ್ಟೇ ಗೋದಾಮಿನ ಬಾಗಿಲು
ಉಸಿರು ಬಿಡುತ್ತಿತ್ತು.
ಮೂವತ್ತೊಂದು ವರ್ಷ ಆ ಉಸಿರು ಮೂಸಿದೆ,
ಕೊರಳಲ್ಲಿ ಲಿಂಗ, ನಾಲಿಗೆಗೆ ಒಂದು ಹನಿ ಮುಟ್ಟಿಸಿಲ್ಲ.
ನಂಬುವವರು ನಂಬಿರಿ.
ನನ್ನ ಹೆಂಡತಿ ಇವತ್ತಿಗೂ ನಂಬಿಲ್ಲ.

ಅದನ್ನು ಹೂಡಿದವನು ಮಾಕಿಂತಾಷ್,
ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನ ಫೋರ್‌ಮನ್.
ಊರು ಅವನನ್ನು ಮಾಕಂತಪ್ಪ ಮಾಡಿಕೊಂಡಿತು.
ಅವನ ಸೀಮೆಯಲ್ಲಿ ಗುಡ್ಡ, ಮಂಜು, ಜವೆಗೋಧಿ,
ನೆಲ ಅಗೆದರೆ ಒಲೆಗೆ ಉರಿಯುವ ಮಣ್ಣು ಸಿಗುತ್ತದಂತೆ.
ಇಲ್ಲಿ ಅಗೆದರೆ ಎರೆ, ಇನ್ನೂ ಅಗೆದರೆ ಎರೆ,
ಆಮೇಲೆ ಸವುಳು ನೀರು.
ಆ ನೀರಲ್ಲೇ ಬಿಳಿಜೋಳ ನೆನೆಸಿದ,
ಗೋಣಿತಟ್ಟು ಹೊದಿಸಿ ಮೊಳಕೆ ಬರಿಸಿದ,
ಕುಳ್ಳಿನ ಹೊಗೆ ಕೊಟ್ಟ.
"ಜೋಳ ಹುಟ್ಟಿದ್ದು ರೊಟ್ಟಿಗೆ ಸಾಹೇಬ್ರ"
ಅಂದಳಂತೆ ಜೋಳ ಹಸನು ಮಾಡುವ ನೀಲವ್ವ.
"ರೊಟ್ಟಿ ತಿಂದ ಮ್ಯಾಲೆ?"
ಅಂದನಂತೆ ಅವ.

ತಾಮ್ರ ಎಲ್ಲಿಂದ?
ಸತ್ತ ಇಂಜಿನ್ನಿನ ಬೆಂಕಿಗೂಡಿನಿಂದ.
ಲೋಂಡಾದ ಏರಿನಲ್ಲಿ ಏದುಸಿರು ಬಿಟ್ಟ ತಗಡು
ಹಂಡೆಯಾಗಿ, ಕುತ್ತಿಗೆ ಉದ್ದ ಮಾಡಿ ಕೂತಿತು,
ಹೊಲದ ಬದುವಿನ ಕೊಕ್ಕರೆ.
ತರುವಾಗ ಚಕ್ಕಡಿಯಿಂದ ಜಾರಿ
ಎಡ ಭುಜಕ್ಕೆ ಒಂದು ನೆಗ್ಗು ಬಿತ್ತು,
ಎಮ್ಮೆಗರು ಮೂತಿ ಒತ್ತಿದಷ್ಟು.

ಸಾಹೇಬ ಹೋದ. ತುಳಜಣಸಾ ಕೊಂಡರು, ಅವರ ಮಗ ನಡೆಸಿದ.
ದೀಪಾವಳಿಗೆ ಸುಣ್ಣ ಕಂಡ ಗೋಡೆ
ಹೋಳಿ ಹೊತ್ತಿಗೆ ಕಪ್ಪು.
ಪೀಪಾಯಿಯಿಂದ ಹಾರಿದ್ದನ್ನು ಕುಡಿದು ಬದುಕುವ ಬೂಸು ಅದು;
ಬೇವಿನ ಮರಕ್ಕೂ ಹತ್ತಿತ್ತು.
ಎದುರುಮನೆಯ ಹುಸೇನಬಿ ಕಸಬರಿಗೆ ಎತ್ತಿ ಕೂಗುತ್ತಿದ್ದಳು:
"ನಮ್ಮನ್ಯಾಗ ಗಂಡಸರು ಕುಡಿಯೂದಿಲ್ರೀ, ಗ್ವಾಡಿ ಕುಡದೈತಿ!"
ನಾನು ಖಾತೆಯಲ್ಲಿ ಬರೆಯುತ್ತಿದ್ದೆ:
ನೂರಕ್ಕೆ ಹನ್ನೊಂದು, ಆವಿ.
ಬೆಂಗಳೂರಿನ ಕೆಂಪು ಶಾಯಿ ಕೇಳಿತು:
ಇಷ್ಟನ್ನು ಕುಡಿದವರು ಯಾರು?
ಏಪ್ರಿಲ್ ತಿಂಗಳು, ಎಂದು ಬರೆದೆ.
ಮೆಮೋ ಬಂತು.

ಎಪ್ಪತ್ತೆಂಟರಲ್ಲಿ ಹಂಡೆಯ ತಳ
ಹಪ್ಪಳದಷ್ಟು ತೆಳುವಾಯಿತು.
ಧೋಂಡಿಬಾ ತಾಂಬಟ ಹೊಸದು ಬಡಿದುಕೊಟ್ಟ,
ಅಳತೆಗೆ ಅಳತೆ, ದುಂಡಗೆ, ಕನ್ನಡಿಯ ಹಾಗೆ.
ಮೊದಲ ಇಳಿತದ ದಿನ ಎಲ್ಲರೂ ನಕ್ಕರು, ಪೇಢೆ ಹಂಚಿದರು.
ನನ್ನ ಮೂಗಿಗೆ ಮಾತ್ರ ಏನೋ ಕಡಿಮೆ.
ಸುಟ್ಟ ತೆನೆಯ ವಾಸನೆ ಎಲ್ಲಿ?
ಮೊದಲ ಮಳೆಗೆ ನೆನೆದ ಎರೆಯ ವಾಸನೆ ಎಲ್ಲಿ?
ಇದು ತೊಳೆದಿಟ್ಟ ಗಾಜು, ಅಷ್ಟೇ.
"ಕುಡೀದವ ಹೇಳತಾನ, ಕೇಳ್ರಿ" ಅಂದರು.

ಧೋಂಡಿಬಾ ಒಬ್ಬ ನಗಲಿಲ್ಲ.
ಅಂಗಳಕ್ಕೆ ಎಸೆದಿದ್ದ ಹಳೆ ಹಂಡೆಯ ಮೈ ಸವರಿದ,
ಗಬ್ಬದ ಆಕಳ ಹೊಟ್ಟೆ ನೋಡುವವನ ಹಾಗೆ.
ನೆಗ್ಗಿನಲ್ಲಿ ಬೆರಳಿಟ್ಟ. ಗೇಣು ಹಾಕಿದ.
ಹೊಸದರ ಎಡ ಭುಜಕ್ಕೆ ಒದ್ದೆ ತಟ್ಟು ಹೊದಿಸಿ
ಕಟ್ಟಿಗೆಯ ಕೊಡತಿಯಿಂದ ಮೂರು ಪೆಟ್ಟು.
ಮಾಲಕನ ಮಗ ಕಣ್ಣು ಮುಚ್ಚಿಕೊಂಡ.

ಮುಂದಿನ ಇಳಿತಕ್ಕೆ ಎಲ್ಲರೂ ಅಂದರು: ಬಂತು, ಹಳೇದು ಬಂತು.
ನನ್ನ ಕಡೆ ತಿರುಗಿದರು.
ಆ ವಾರ ನನಗೆ ನೆಗಡಿ.
ಮೂಗು ಬಿಟ್ಟುಕೊಂಡಾಗ
ಹಳೆಯದು ನಿಜಕ್ಕೂ ಬಂದಿತ್ತೋ,
ನಾನೇ ಹೊಸದಕ್ಕೆ ಒಗ್ಗಿದ್ದೆನೋ,
ಯಾವ ಖಾತೆಯಲ್ಲೂ ಬರೆದಿಲ್ಲ.

ಈಗ ಅಲ್ಲಿ ಟೈಲ್ಸ್ ಗೋದಾಮು. ಬೇವು ಹಸಿರಾಗಿದೆ.
ಹಳೆ ತಾಮ್ರದಲ್ಲಿ ಧೋಂಡಿಬಾ ನನಗೊಂದು ತಂಬಿಗೆ ಮಾಡಿಕೊಟ್ಟಿದ್ದ.
ರಾತ್ರಿ ನೀರು ತುಂಬಿಟ್ಟು ಬೆಳಗ್ಗೆ ಕುಡಿಯುತ್ತೇನೆ.
ಹುಣಸೆಹಣ್ಣು ಹಚ್ಚಿ ತಿಕ್ಕುವ ಮುಂಚೆ
ಹೆಂಡತಿ ಅದನ್ನೊಮ್ಮೆ
ಮೂಸಿ ನೋಡುತ್ತಾಳೆ.