ತೇಲುಬುರುಡೆ

ನಮ್ಮ ಬಣ್ಣ ಹಳದಿ, ನಡುವೆ ಒಂದೇ ಕಪ್ಪು ಪಟ್ಟಿ.
ವರ್ಲನ್‌ನ ಅಜ್ಜ ಆರಿಸಿದ್ದು.
ಈ ಮೇನ್ ಕರಾವಳಿಯಲ್ಲಿ ಮನೆಗೊಂದು ಬಣ್ಣ:
ಲಾಬ್‌ಸ್ಟರ್ ಪೆಟ್ಟಿಗೆ ತಳದ ಕತ್ತಲಲ್ಲಿ,
ಹಗ್ಗದ ಈ ತುದಿಗೆ ನೀರ ಮೇಲೆ ಬುರುಡೆ.
ಇನ್ನೊಬ್ಬರ ಬುರುಡೆ ಮುಟ್ಟಿದವನನ್ನು
ಬಂದರಿನಲ್ಲಿ ಆಮೇಲೆ ಯಾರೂ ಮಾತಾಡಿಸುವುದಿಲ್ಲ.

ಮೊನ್ನೆ ಮಂಗಳವಾರ
ಬೀಲ್ ಮನೆಯವರ ಕೆಂಪು ಬುರುಡೆಗೆ ಕೊಕ್ಕೆ ಹಾಕಿ
ಎಳೆಯತೊಡಗಿದ.
‘ಅದು ನಮ್ಮದಲ್ಲ’ ಅಂದೆ.
ತಿರುಗಿ ನೋಡಿದ.
ಬುರುಡೆ ಯಾರದೆಂದಲ್ಲ,
ನಾನು ಯಾರೆಂದು ನೆನೆಯುವವನ ಹಾಗೆ.
ಆಮೇಲೆ ನಕ್ಕ. ಕೊಕ್ಕೆ ಬಿಡಿಸಿದ.
ಬಿಸಿಲು ಕಣ್ಣಿಗೆ ಹೊಡೀತು, ಐಡಾ, ಅಂದ.
ಮೋಡ ಕವಿದಿತ್ತು.

ಗುಂಡು ತಾಗಿದವನಲ್ಲ ಇವನು.
ಮೈಮೇಲೆ ಇರುವ ಒಂದೇ ಗಾಯ
ಹತ್ತನೇ ವಯಸ್ಸಿನ ಗಾಳದ್ದು.
ಮರುಭೂಮಿಯಲ್ಲಿ ಆರು ತಿಂಗಳು ಫಿರಂಗಿಯ ಪಕ್ಕ,
ಶತ್ರು ಹದಿನೈದು ಮೈಲಿ ಆಚೆ.
ಅವನ ಮುಖ ಇವನು ಕಾಣಲಿಲ್ಲ, ಇವನದು ಅವನೂ.
ಬಿದ್ದ ಪೆಟ್ಟೆಲ್ಲ ನಮ್ಮದೇ ಫಿರಂಗಿಯದು.
ಹಗ್ಗ ಜಗ್ಗು, ಬಾಯಿ ತೆರೆ,
ಎದೆಯೊಳಗಿಂದ ಯಾರೋ ಬಾಗಿಲು ಒದ್ದ ಹಾಗೆ,
ಹಲ್ಲಲ್ಲಿ ಮರಳು,
ಮತ್ತೆ ಜಗ್ಗು.

ಅವನ ಕಿಸೆಪುಸ್ತಕದಲ್ಲಿ ಐದೈದರ ಗೀಟುಗಳ ಕಟ್ಟು.
ಒಂದು ಚಳಿಗಾಲ ಒಲೆಯ ಪಕ್ಕ ಕೂತು ಎಣಿಸಿದೆ:
ಏಳು ಸಾವಿರದ ಇನ್ನೂರ ಹದಿನಾರು,
ಎಣ್ಣೆ ಕುಡಿದು ಅಂಟಿಕೊಂಡ ಕೊನೆಯ ಪುಟ ಬಿಟ್ಟು.

ತಲೆಗೆ ಬಂದದ್ದು ತಲೆಪಾಗಿಗೆ ಹೋಯಿತು
ಅನ್ನುತ್ತಾರಲ್ಲ, ಪಾರಾಗಿ ಬಂದವರಿಗೆ.
ಇವನ ಹೆಲ್ಮೆಟ್ಟು ಅಟ್ಟದ ಮೇಲಿದೆ,
ಒಂದು ತಗ್ಗಿಲ್ಲ, ಒಂದು ಗೀರಿಲ್ಲ.

ದೊಡ್ಡಾಸ್ಪತ್ರೆಯ ಹುಡುಗ ಡಾಕ್ಟರು ಸ್ಕ್ಯಾನು ಎತ್ತಿ ಹಿಡಿದು
‘ತಲೆಯಲ್ಲಿ ಏನೂ ಇಲ್ಲ’ ಎಂದರು.
‘ನಮ್ಮಮ್ಮ ಅದನ್ನೇ ಹೇಳ್ತಿದ್ಲು’ ಎಂದ ವರ್ಲನ್.
ಮೂವರೂ ನಕ್ಕೆವು. ನಾನು ಸ್ವಲ್ಪ ತಡವಾಗಿ.
ಪಿಂಚಣಿ ಕಚೇರಿಯ ಅರ್ಜಿಯಲ್ಲಿ
‘ಗಾಯವಾದ ದಿನಾಂಕ’ ಎಂಬುದಕ್ಕೆ
ಒಂದೇ ಒಂದು ಚೌಕ.
ಬಂದರಿನ ಕಟ್ಟೆಯ ಮೇಲಿನವರಿಗೆ ಅಷ್ಟೂ ಬೇಡ:
ದುಡ್ಡಿಗಾಗಿ ಬುರುಡೆ ಬಿಡ್ತಾನೆ ಬಿಡು, ಅಂದರು.

ಬಿಡುವವನೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು!
ಕೆಟಲ್ಲು ಮೂರು ಸಲ ಸುಟ್ಟಿತು.
ಮಗಳು ಮಾರಿಸ್ ಚಮಚ ಬೀಳಿಸಿದ್ದಕ್ಕೆ
ತಟ್ಟೆ ಗೋಡೆಗೆ ಹಾರಿತು;
ಮಾರನೇ ದಿನ ಚೂರುಗಳನ್ನು ಅಂಟಿಸುತ್ತ ಕೂತಿದ್ದ,
ಯಾರು ಒಡೆದರೆಂದು ಕೇಳುತ್ತ.
ಗಂಟುಗಳು ಮಾತ್ರ ಮರೆತಿಲ್ಲ.
ಬೆರಳು ಕಣ್ಣುಮುಚ್ಚಿ ಕಟ್ಟುತ್ತವೆ, ಬಿಚ್ಚುತ್ತವೆ.
ಮಂಜು ದಟ್ಟವಾಗಿ ದಡ ಕಾಣದ ದಿನ
ಎಂಜಿನ್ ಆರಿಸಿ ನಿಲ್ಲುತ್ತಾನೆ.
ಆಗ ನಾವಿಬ್ಬರೂ ಸಮ:
ಎಲ್ಲಿದ್ದೇವೆಂದು ಇಬ್ಬರಿಗೂ ಗೊತ್ತಿರುವುದಿಲ್ಲ.

ಮಾರ್ಚಿನಲ್ಲಿ ಬಾಸ್ಟನ್ನಿನಿಂದ ಲಕೋಟೆ ಬಂತು.
ಸತ್ತ ಮೇಲೆ ಮಿದುಳು ಕೊಡುವಿರಾ?
ಕೊಯ್ದು ನೋಡಿದರೆ ಮಾತ್ರ ಕಾಣುವುದಂತೆ
ಆ ಗೀಟುಗಳ ಲೆಕ್ಕ.
ಒಂದೇ ಉಸಿರಿಗೆ ಸಹಿ ಹಾಕಿದ,
ಗೆದ್ದವನ ಹಾಗೆ, ‘ನೋಡ್ಲಿ ಆಗ’ ಅಂತ.
ಸಾಕ್ಷಿಯ ಜಾಗದಲ್ಲಿ ನನ್ನದು.
ಲೇಖನಿ ಎರಡು ಸಲ ಕೈಕೊಟ್ಟಿತು.

ಆಮೇಲೆ ಶೆಡ್ಡಿಗೆ ಹೋದೆವು, ಬಣ್ಣ ಬಳಿಯುವ ಕಾಲ.
ಹೋದ ವರ್ಷದ್ದೊಂದನ್ನು ಅವನ ಕಣ್ಣೆದುರಿಗೇ
ಮೊಳೆಗೆ ತೂಗುಹಾಕಿದೆ, ಏನೂ ಹೇಳದೆ.
ಬ್ರಷ್ಷು ಹಿಡಿದು ಬಹಳ ಹೊತ್ತು ಅದನ್ನೇ ನೋಡಿ
‘ಯಾರದಿದು? ಪಟ್ಟಿ ಎಷ್ಟು ನೆಟ್ಟಗಿದೆ’ ಅಂದ.

ನಮ್ಮದೇ, ಅಂದೆ,
ಕಪ್ಪು ಡಬ್ಬಿಯ ಮುಚ್ಚಳ ಮೀಟುತ್ತ.