ಹನ್ನೆರಡು ಸ್ಟೇಜು

ಬೌರಿಂಗ್ ಆಸ್ಪತ್ರೆ, ಮೊದಲ ಮಹಡಿ, ಪರದೆ ಎಳೆದ ಕೋಣೆ.
ಹಸಿರು ಬಟ್ಟೆ ಹೊದ್ದು ಕೂತಿದ್ದೇನೆ.
ಶೈನಾಜ್ ಡಾಕ್ಟರು ಜೆಲ್ಲು ಹಚ್ಚುತ್ತಾರೆ:
ಡಿಸೆಂಬರಿನ ಮೊದಲ ಟ್ರಿಪ್ಪಿಗೆ
ಯಲಹಂಕ ಡಿಪೋದಲ್ಲಿ ಕಂಬಿ ಹಿಡಿದಷ್ಟು ತಣ್ಣಗೆ.

"ಎದೆಯನ್ನ ಹನ್ನೆರಡು ಭಾಗ ಮಾಡ್ಕೋತೀವಿ.
ಬಲಕ್ಕೆ ಆರು, ಎಡಕ್ಕೆ ಆರು,
ಮುಂದೆ, ಪಕ್ಕ, ಬೆನ್ನು."
ನಕ್ಕೆ. ನಗು ಕೆಮ್ಮಾಯಿತು.
ಹದಿನೇಳು ವರ್ಷ ಸ್ಟೇಜು ಸ್ಟೇಜು ಅಂತ
ಊರನ್ನೇ ತುಂಡು ಮಾಡಿ ಚೀಟಿ ಹರಿದವಳು ನಾನು.
ಮೇಖ್ರಿ ಸರ್ಕಲ್ಲು, ಹೆಬ್ಬಾಳ, ಕೊಡಿಗೇಹಳ್ಳಿ ಗೇಟು.
ಈಗ ನನ್ನ ಮೇಲೇ ಓಡುತ್ತಿದೆ ಅಂಗೈಯಷ್ಟು ಗಾಡಿ,
ಪಕ್ಕೆಲುಬಿನ ಹಂಪು ಹತ್ತಿ, ಇಳಿದು, ನಿಂತು.

ಮೊದಲ ಸಲ ತೆರೆಯ ಮೇಲೆ ಕಂಡದ್ದು
ಮೇಲಿಂದ ಕೆಳಕ್ಕೆ ಬಿಳಿ ಗೆರೆ, ಗೆರೆಯ ಪಕ್ಕ ಗೆರೆ.
ಉಸಿರೆಳೆದರೆ ಅತ್ತ, ಬಿಟ್ಟರೆ ಇತ್ತ,
ವೈಪರಿನ ಹಾಗೆ ತೂಗುತ್ತಿದ್ದವು.
ಗಾಜು ಮಾತ್ರ ತಿಳಿಯಾಗಲಿಲ್ಲ.
ಡಾಕ್ಟರು ಒಂದೊಂದು ಭಾಗಕ್ಕೂ ಅಂಕಿ ಹಾಕಿ ಕೂಡಿಸಿದರು,
ನಾನು ವೇಬಿಲ್ಲು ಬರೆಯುವ ಹಾಗೆ: ಒಟ್ಟು ಇಪ್ಪತ್ತೊಂದು.
ಸೊನ್ನೆ ಬಂದರೆ ಒಳ್ಳೇದಂತೆ.
ಡಿಪೋದಲ್ಲಿ ಸೊನ್ನೆ ಬರೆದರೆ ಮೆಮೋ ಕೈಗೆ ಕೊಡುತ್ತಾರೆ.

ಮೂರು ವಾರಕ್ಕೆ ಹದಿನಾಲ್ಕು. ಆಮೇಲೆ ಒಂಬತ್ತು.
"ಮುಂದೆ ಎಲ್ಲಾ ಖಾಲಿ ಆಗ್ತಿದೆ, ಬೆನ್ನಿನ ಕೆಳಗೇ ಇನ್ನೂ..."
ಗೊತ್ತು ಮೇಡಂ.
ಹಿಂದಿನ ಸೀಟಿನವರು ಯಾವತ್ತೂ ಬೇಗ ಇಳಿಯಲ್ಲ.

ಆ ದಿನ ಒಂದು ಮಾತು ಹೇಳಿದರು, ರಾತ್ರಿ ನಿದ್ದೆ ಹತ್ತಲಿಲ್ಲ.
"ಚೆನ್ನಾಗಿರೋ ಶ್ವಾಸಕೋಶ ಈ ಮಿಷನ್ನಿಗೆ ಕಾಣಲ್ಲ, ಮುನಿಲಕ್ಷ್ಮಮ್ಮ.
ಗಾಳಿ ತುಂಬಿದ್ರೆ ಸದ್ದು ಒಳಗೆ ಹೋಗಲ್ಲ,
ಬಾಗಿಲಲ್ಲೇ ತಿರುಗಿ ಬರತ್ತೆ.
ಆಗ ಕಾಣೋದು ಬರೀ ಅಡ್ಡಗೆರೆ,
ಒಂದರ ಕೆಳಗೊಂದು, ಮರುದನಿ ಅಷ್ಟೆ.
ಒಳಗೆ ಕೆಟ್ಟಿದ್ರೇನೇ ನಮಗೆ ದಾರಿ."

ಅಂದರೆ ನಲವತ್ತಾರು ವರ್ಷ
ಯಾರಿಗೂ ಕಾಣದ ಹಾಗೆ ಉಸಿರಾಡಿದ್ದೆ.
ನನಗೂ.

ಅಂಜಿನಪ್ಪನವರ ಎದೆಯನ್ನು ಯಾರೂ ಹೀಗೆ ನೋಡಲಿಲ್ಲ.
ಬೆಳಗಿನ ಜಾವ ನಾಲ್ಕಕ್ಕೆ ಹಾಸಿಗೆ ಸಿಕ್ಕಿತು,
ಆರಕ್ಕೆ ಅದೇ ಹಾಸಿಗೆ ಇನ್ನೊಬ್ಬರಿಗೆ ಸಿಕ್ಕಿತು.
ಒಂಬತ್ತು ವರ್ಷ ಒಂದೇ ಗಾಡಿ, ಅವರು ಸ್ಟೇರಿಂಗು, ನಾನು ವಿಶಲ್.
ಒಂದು ಊದಿದರೆ ನಿಲ್ಲು. ಎರಡಕ್ಕೆ ನಡಿ.
ಉದ್ದಕ್ಕೆ ಒಂದೇ ಎಳೆ ಎಳೆದರೆ,
ಯಾರೋ ಮುದುಕಿ ಇನ್ನೂ ಓಡಿ ಬರ್ತಿದ್ದಾಳೆ, ತಡಿ.
ಈ ಮೂರನೆಯದು ಯಾವ ರೂಲ್ಸಿನಲ್ಲೂ ಇಲ್ಲ.
ನಮ್ಮಿಬ್ಬರ ನಡುವೆ ಇತ್ತು.
ಅದಕ್ಕೆ ಬೇಕು ಎದೆ ತುಂಬ ಗಾಳಿ.

ಇವತ್ತು ನಾಲ್ಕು.
ಎಡ ಬೆನ್ನಿನ ತಳದಲ್ಲಿ ಪೊರೆ ಇನ್ನೂ ತರಿತರಿ,
ಗುಂಡಿ ಮುಚ್ಚಿ ಮೇಲೆ ಡಾಂಬರು ಹಾಕದ ರಸ್ತೆ.
"ಹೋಗಬಹುದು. ಹೋಗದೇನೂ ಇರಬಹುದು. ಎರಡು ತಿಂಗಳು ಬಿಟ್ಟು ಬನ್ನಿ."
ಜೆಲ್ಲು ಒರೆಸಿಕೊಳ್ಳುತ್ತ ಕೇಳಿದೆ: ವಿಶಲ್ ಊದಬಹುದಾ?
"ಮೆಲ್ಲಗೆ."
ಮೆಲ್ಲಗೆ ಊದಿದ್ರೆ ಯಾವ ಬಸ್ಸು ನಿಲ್ಲತ್ತೆ, ಮೇಡಂ?
ಅವರು ಕೈಗೆ ಇನ್ನೆರಡು ಟಿಶ್ಯೂ ಕೊಟ್ಟರು.

ಶಿವಾಜಿನಗರ ಬಸ್ ಸ್ಟ್ಯಾಂಡು. ಬಿಸಿಲು, ಡೀಸೆಲ್ಲು, ಕಬ್ಬಿನ ಹಾಲು.
ಯಲಹಂಕದ ಗಾಡಿ ಹೊರಟಿದೆ.
ರೆಕ್ಸಿನ್ ಚೀಲ ಎದೆಗವುಚಿ
ಒಬ್ಬಳು ಓಡಿ ಬರುತ್ತಿದ್ದಾಳೆ, ಚಪ್ಪಲಿ ಒಂದು ಕೈಯಲ್ಲಿ.
ಚೀಲದಿಂದ ವಿಶಲ್ ತೆಗೆದೆ, ತುಟಿಗಿಟ್ಟೆ,
ಉದ್ದದ್ದನ್ನು ಊದಿದೆ.
ಅರ್ಧಕ್ಕೆ ಕಡಿಯಿತು.
ಹೊಸ ಹುಡುಗ ಕನ್ನಡಿಯಲ್ಲಿ ನೋಡಿದ,
ಏನೂ ಅರ್ಥವಾಗದೆ ಗೇರು ಹಾಕಿದ.

"ಹಿಂದೆ ಇನ್ನೊಂದು ಗಾಡಿ ಬರ್ತಿದೆ, ಕೂತ್ಕೋ ಬಾ ತಾಯಿ,"
ಹಳೇ ಸುಳ್ಳು. ಕೆಲವು ಸಲ ನಿಜವೂ ಆಗಿದೆ.
ಕಲ್ಲುಬೆಂಚಿನ ಮೇಲೆ ಇಬ್ಬರೂ ಏದುತ್ತ ಕೂತೆವು.
ಅವಳ ಏದುಸಿರು ಮೊದಲು ತಣಿಯಿತು.